ಕ್ಯಾನ್ಸರ್ ಪತ್ತೆ ತಡವಾದಾಗ ಹೊಣೆ ಯಾರದು?

ಕ್ಯಾನ್ಸರ್ ಬಂದುಹೋದ ಮನೆಗಳಲ್ಲಿ ವರ್ಷಗಟ್ಟಲೆ ಉಳಿಯುವ ಮಾತು ಒಂದೇ: ಮೊದಲೇ ಗೊತ್ತಾಗಿದ್ದರೆ ಉಳಿಸಿಕೊಳ್ಳಬಹುದಿತ್ತು. ಕೆಲವರು ಆ ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಂಡು ಕೊರಗುತ್ತಾರೆ. ಇನ್ನು ಕೆಲವರ ನೆನಪು ಬೇರೆ. ಗಂಟು ಕಂಡ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿದ್ದೆವು, ಮತ್ತೆ ಮತ್ತೆ ಹೋಗಿದ್ದೆವು, ಏನೂ ಇಲ್ಲ ಎಂದು ಗುಳಿಗೆ ಬರೆದುಕೊಟ್ಟು ಕಳಿಸಿದರು ಎನ್ನುತ್ತಾರೆ. ಈ ಎರಡನೆಯ ಬಗೆಯ ಸಂಕಟ ಕಾನೂನಿನ ಮುಂದೆ ಬಂದಾಗ ಏನಾಗುತ್ತದೆ? ಇದನ್ನು ಗುಜರಾತಿನ ವಡೋದರಾ ಪಕ್ಕದ ಕೊಯಾಲಿಯಿಂದ ನೋಡಲು ಹೊರಟರೆ ಪ್ರಶ್ನೆಯ ಎಲ್ಲ ಎಳೆಗಳೂ ಒಂದೇ ಕಡೆ ಸಿಗುತ್ತವೆ. ಅಲ್ಲಿ ದೊಡ್ಡ ತೈಲ ಸಂಸ್ಕರಣಾಗಾರವಿದೆ, ಕಂಪನಿಯ ವೈದ್ಯಕೀಯ ಸೌಲಭ್ಯವಿದೆ, ನೌಕರರ ರಾಜ್ಯ ವಿಮೆಯ (ಇಎಸ್‌ಐ) ಚೀಟಿ ಹಿಡಿದ ಗುತ್ತಿಗೆ ಕೆಲಸಗಾರರಿದ್ದಾರೆ. ರಾಜ್ಯದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಇರುವ ಅಹಮದಾಬಾದ್ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ.

ತಡ ಎಷ್ಟು ವ್ಯಾಪಕ ಎಂಬುದು ಮೊದಲು ಗೊತ್ತಿರಬೇಕು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 2020ರಲ್ಲಿ ಹೊರತಂದ ವರದಿಯ ಪ್ರಕಾರ, ಸ್ತನ ಕ್ಯಾನ್ಸರಿನ ಶೇ. 57ರಷ್ಟು, ಗರ್ಭಕಂಠದ ಕ್ಯಾನ್ಸರಿನ ಶೇ. 60ರಷ್ಟು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಶೇ. 66.6ರಷ್ಟು ರೋಗಿಗಳಲ್ಲಿ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಸುತ್ತಲಿನ ಭಾಗಕ್ಕೆ ಇಳಿದುಬಿಟ್ಟಿರುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 47.6 ಮಂದಿಗೆ ಅದು ದೂರದ ಅಂಗಗಳಿಗೂ ಹರಡಿರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದರೂ ಈ ಅಂಕಿಗಳಿಗೆ ಮುಖಗಳು ಸಿಗುತ್ತವೆ.

ಈ ತಡವೆಲ್ಲ ಡಾಕ್ಟರರದ್ದಲ್ಲ. ನೋವಿಲ್ಲದ ಗಂಟನ್ನು ಹೆಂಗಸರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹುಸಿ ಭಯ ಇವತ್ತಿಗೂ ಓದಿದವರಲ್ಲೂ ಇದೆ. ಗುಜರಾತಿನಲ್ಲಿ ಅಡಿಕೆಗೆ ತಂಬಾಕು ಬೆರೆಸಿದ ಮಾವಾ ಜಗಿಯುವ ಚಟದಿಂದ ಬಾಯಿ ತೆರೆಯಲು ಕಷ್ಟವಾಗತೊಡಗಿದರೂ ಅದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಆಗುವ ತಡಕ್ಕೂ ಗೊತ್ತಿರುವ ದಾರಿಗಳಿವೆ. ಎಕ್ಸ್‌ರೇಯಲ್ಲಿ ಕಂಡ ಬಿಳಿ ಮಚ್ಚೆಗೆ ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕ್ಷಯದ ಗುಳಿಗೆ ಶುರುವಾಗಿ ಆರು ತಿಂಗಳು ಕಳೆಯುತ್ತದೆ. ಕೊನೆಗೆ ಅದು ಶ್ವಾಸಕೋಶದ ಕ್ಯಾನ್ಸರ್. ಹಾಲೂಡುವ ತಾಯಿಯ ಎದೆಯ ಗಂಟನ್ನು ಹಾಲು ಕಟ್ಟಿದ್ದು ಎಂದು ಬಿಡುವುದುಂಟು. ಮಲದಲ್ಲಿ ರಕ್ತ ಬಂದರೆ ಬೆರಳು ಹಾಕಿ ಪರೀಕ್ಷಿಸದೆಯೇ ಮೂಲವ್ಯಾಧಿಯ ಮುಲಾಮು ಕೊಡುತ್ತಾರೆ. ಐವತ್ತರ ಹೆಂಗಸಿನ ಹೊಟ್ಟೆಯುಬ್ಬರ ತಿಂಗಳುಗಟ್ಟಲೆ ಗ್ಯಾಸ್ ಎನಿಸಿಕೊಳ್ಳುತ್ತದೆ. ಇವುಗಳಿಗಿಂತ ನೋವಿನ ಸಂಗತಿ ಎಂದರೆ ಆಪರೇಷನ್ನಿನಲ್ಲಿ ತೆಗೆದ ಗಂಟನ್ನು ಲ್ಯಾಬಿಗೆ ಕಳಿಸದೆ ಎಸೆಯುವುದು, ಇಲ್ಲವೇ ಲ್ಯಾಬಿನಿಂದ ವರದಿ ಬಂದಿದ್ದರೂ ಅದನ್ನು ರೋಗಿಗೆ ಯಾರೂ ಹೇಳದಿರುವುದು.

ಕೊಯಾಲಿಯಲ್ಲಿ ಇವುಗಳ ಜೊತೆಗೆ ತಡಕ್ಕೆ ಇನ್ನೊಂದು ದಾರಿಯೂ ಇದೆ. ಸೋವಿಯತ್ ಒಕ್ಕೂಟದ ನೆರವಿನಿಂದ ಕಟ್ಟಿದ ಇಲ್ಲಿನ ಗುಜರಾತ್ ರಿಫೈನರಿಗೆ ನೆಹರು ಅಡಿಗಲ್ಲು ಹಾಕಿದ್ದು 1963ರಲ್ಲಿ. 1965ರಲ್ಲಿ ಅದು ಕೆಲಸ ಆರಂಭಿಸಿತು. ಪಕ್ಕದಲ್ಲೇ ನಂದೇಸರಿಯ ರಾಸಾಯನಿಕ ಕಾರ್ಖಾನೆಗಳಿವೆ. ತೈಲ ಸಂಸ್ಕರಣೆಯಲ್ಲಿ ಬರುವ ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ. 2024ರ ನವೆಂಬರ್ 11ರಂದು ಈ ರಿಫೈನರಿಯ ಬೆಂಜೀನ್ ಟ್ಯಾಂಕಿಗೆ ಬೆಂಕಿ ಬಿದ್ದು ಇಬ್ಬರು ಸತ್ತಾಗ ದೇಶಕ್ಕೆಲ್ಲ ಆ ಹೆಸರು ಕೇಳಿಸಿತು. ಬೆಂಕಿ ಎಲ್ಲರಿಗೂ ಕಾಣುತ್ತದೆ. ರಕ್ತದಲ್ಲಿ ಆಗುವ ಬದಲಾವಣೆ ಕಾಣುವುದು ಕಾಗದದ ಮೇಲೆ ಮಾತ್ರ.

ಆ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಬೆಂಜೀನ್ ಇರುವ ಕಡೆ ದುಡಿಯುವವನ ರಕ್ತಕಣಗಳ ಎಣಿಕೆ ಕಾಲಕಾಲಕ್ಕೆ ಆಗುತ್ತದೆ. ಪ್ಲೇಟ್‌ಲೆಟ್ ಸಂಖ್ಯೆ ಒಂದು ವರ್ಷ ಎರಡೂವರೆ ಲಕ್ಷ, ಮುಂದಿನ ವರ್ಷ ಎರಡು ಲಕ್ಷ, ಅದರ ಮುಂದಿನ ವರ್ಷ ಒಂದು ಲಕ್ಷ ಅರವತ್ತು ಸಾವಿರ ಎಂದಿಟ್ಟುಕೊಳ್ಳಿ. ಒಂದೊಂದು ಚೀಟಿಯನ್ನೂ ಬೇರೆಬೇರೆಯಾಗಿ ನೋಡಿದರೆ ಎಲ್ಲವೂ ನಾರ್ಮಲ್. ಲ್ಯಾಬಿನವರು ಕೆಂಪು ಗೆರೆ ಎಳೆಯುವುದಿಲ್ಲ, ಡಾಕ್ಟರು ಸಹಿ ಹಾಕುತ್ತಾರೆ. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಇಳಿತ ಕಣ್ಣಿಗೆ ಬೀಳುತ್ತದೆ, ಆಗ ಇನ್ನಷ್ಟು ಪರೀಕ್ಷೆ ಬೇಕೆಂದು ಅನ್ನಿಸುತ್ತದೆ. ಹಾಗೆ ಪಕ್ಕಪಕ್ಕ ಇಡದಿರುವುದು ನಿರ್ಲಕ್ಷ್ಯವೇ? ನನ್ನ ಮಟ್ಟಿಗೆ ಹೌದು. ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವ ಉದ್ದೇಶವೇ ಹೋಲಿಸಿ ನೋಡುವುದು. ಆದರೆ ಇದನ್ನು ನ್ಯಾಯಪೀಠದ ಮುಂದೆ ಒಪ್ಪಿಸುವ ಹೊತ್ತಿಗೆ ಹಲವು ಅಡ್ಡಗೋಡೆ ದಾಟಬೇಕು.

ಮೊದಲನೆಯದು ಎಲ್ಲಿಗೆ ಹೋಗಬೇಕೆಂಬುದು. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದಿತು. ಕೆಲಸದ ಷರತ್ತಿನ ಭಾಗವಾಗಿ ಮಾಲೀಕರೇ ನೌಕರನ ಮತ್ತು ಅವನ ಮನೆಯವರ ಚಿಕಿತ್ಸೆಯ ಖರ್ಚು ಹೊರುವುದಾದರೆ ಅದನ್ನು ಪುಕ್ಕಟೆ ಸೇವೆ ಎನ್ನುವಂತಿಲ್ಲ ಎಂದೂ ಅದೇ ತೀರ್ಪು ಹೇಳಿತು. ಕೊಯಾಲಿಯಂಥ ಊರಿನ ಕಾಯಂ ನೌಕರರಿಗೆ ಇದೇ ಆಸರೆ. ಗುತ್ತಿಗೆಯವರ ಇಎಸ್‌ಐ ಆಸ್ಪತ್ರೆಯೂ ಹೊಣೆಗಾರ ಎಂದು 2007ರ ಕಿಶೋರ್ ಲಾಲ್ ತೀರ್ಪಿನಲ್ಲಿ ಸ್ಪಷ್ಟವಾಯಿತು. ಎಲ್ಲರಿಗೂ ಪುಕ್ಕಟೆಯಾಗಿ ನೋಡುವ ಆಸ್ಪತ್ರೆ ಮಾತ್ರ ಹೊರಗುಳಿಯಿತು. ಅಲ್ಲಿನ ರೋಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅತಿ ಬಡವನಿಗೇ ಅತಿ ಉದ್ದದ ದಾರಿ ಉಳಿದದ್ದು ನನ್ನನ್ನು ಕಾಡುತ್ತದೆ. ಹೊಸ ಗ್ರಾಹಕ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಾಗ ಡಾಕ್ಟರುಗಳು ಅದರಿಂದ ಹೊರಗೆ ಎಂಬ ವಾದ ಎದ್ದಿತು. ಬಾಂಬೆ ಹೈಕೋರ್ಟು 2021ರಲ್ಲಿ, ಸುಪ್ರೀಂ ಕೋರ್ಟು 2022ರಲ್ಲಿ ಅದನ್ನು ತಳ್ಳಿಹಾಕಿದವು. ವೈದ್ಯಕೀಯ ಮಂಡಳಿಗೂ ದೂರು ಕೊಡಬಹುದು. ಅದು ಡಾಕ್ಟರ ನೋಂದಣಿ ಅಮಾನತು ಮಾಡಬಲ್ಲದು, ಪರಿಹಾರ ಕೊಡಿಸಲಾರದು.

ಎರಡನೆಯದು ತಪ್ಪು ಎಂದರೆ ಯಾವುದು ಎಂಬ ಪ್ರಶ್ನೆ. 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನ ಅಳತೆಗೋಲನ್ನೇ ನಮ್ಮ ನ್ಯಾಯಾಲಯಗಳು ಹಿಡಿದಿವೆ. ಅದೇ ವಿದ್ಯೆಯ ಸಾಧಾರಣ ನಿಪುಣರು ಆ ಸಂದರ್ಭದಲ್ಲಿ ಮಾಡುವಷ್ಟನ್ನು ಮಾಡಿದ್ದರೆ ಸಾಕು. ರೋಗ ಗುರುತಿಸುವುದರಲ್ಲಿ ಎಡವುವುದೆಲ್ಲ ನಿರ್ಲಕ್ಷ್ಯವಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಇದನ್ನು ಗಟ್ಟಿ ಮಾಡಿತು, ಡಾಕ್ಟರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಇನ್ನೂ ಎತ್ತರದ ಬೇಲಿ ಹಾಕಿತು. ಆ ಪ್ರಕರಣದ ರೋಗಿಯೂ ಕ್ಯಾನ್ಸರ್ ಬಲಿತವರೇ. ಉಸಿರಾಟಕ್ಕೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತು ಎಂಬುದು ದೂರು. 2010ರ ಬಾತ್ರಾ ಆಸ್ಪತ್ರೆ ಪ್ರಕರಣದಲ್ಲಿ ರೋಗಿ ಇಂಡಿಯನ್ ಆಯಿಲ್‌ನ ಹಿರಿಯ ಅಧಿಕಾರಿ, ಅಂದರೆ ಕೊಯಾಲಿಯ ರಿಫೈನರಿ ನಡೆಸುವ ಅದೇ ಸಂಸ್ಥೆಯವರು. ರಕ್ತದೊತ್ತಡ, ವಿಪರೀತ ಬೆವರು ಎಂದು ಆಸ್ಪತ್ರೆ ಅಲೆದ ಮೇಲೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡಿತು. 1990ರ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು, ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮನೆಯವರು 45 ಲಕ್ಷ ರೂಪಾಯಿ ಪರಿಹಾರ ಕೇಳಿದ್ದರು. ಹತ್ತಿರ ಹತ್ತಿರ ಇಪ್ಪತ್ತು ವರ್ಷಗಳ ನಂತರ ಸುಪ್ರೀಂ ಕೋರ್ಟು ವೈದ್ಯಕೀಯ ನಿರ್ಲಕ್ಷ್ಯಕ್ಕೆ 11 ಸೂತ್ರಗಳನ್ನು ಪಟ್ಟಿಮಾಡಿ ದೂರನ್ನು ವಜಾ ಮಾಡಿತು. ಕಾನೂನಿನ ಪುಸ್ತಕಗಳಲ್ಲಿ ಆ ಸೂತ್ರಗಳು ಇಂದಿಗೂ ಬಾಳುತ್ತಿವೆ. ಎರಡು ದಶಕ ಕಾದ ಆ ಕುಟುಂಬದ ಬಗ್ಗೆ ಯಾರೂ ಬರೆಯುವುದಿಲ್ಲ.

ಈ ಅಳತೆಗೋಲು ಅನ್ಯಾಯದ್ದು ಎಂದು ನಾನು ಹೇಳಲಾರೆ. ಒಂದು ಪಾಳಿಯಲ್ಲಿ ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡುವ ಸರ್ಕಾರಿ ಡಾಕ್ಟರು ಪ್ರತಿ ಕೆಮ್ಮಿಗೂ ಸಿ.ಟಿ. ಸ್ಕ್ಯಾನ್ ಬರೆಯುವಂತಿಲ್ಲ. ಕೆಮ್ಮಿನವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದೂ ಇಲ್ಲ. ಆತುರ ಪಟ್ಟರೆ ಆಗುವ ಹಾನಿಗೂ ಉದಾಹರಣೆ ಇದೆ. 2019ರಲ್ಲಿ ಕೇರಳದ ಕೊಟ್ಟಾಯಂನಲ್ಲಿ ಖಾಸಗಿ ಲ್ಯಾಬೊಂದರ ವರದಿಯನ್ನು ನಂಬಿ, ಕ್ಯಾನ್ಸರೇ ಇಲ್ಲದ ಮಹಿಳೆಗೆ ಕೀಮೋಥೆರಪಿ ಕೊಟ್ಟದ್ದು ಬಯಲಾಯಿತು. ಹಾಗಾಗಿ ಮೊದಲ ಭೇಟಿಯಲ್ಲೇ ಹಿಡಿಯಲಿಲ್ಲ ಎಂಬ ದೂರಿಗೆ ಬಲ ಕಡಿಮೆ. ಮೂರನೆಯ ಭೇಟಿಯಲ್ಲೂ, ಔಷಧಿಗೆ ಬಗ್ಗದ ಕಾಯಿಲೆಯ ಎದುರಿಗೂ ಅದೇ ಗುಳಿಗೆ ಮುಂದುವರಿಸಿದರು ಎಂಬ ದೂರಿಗೆ ಬಲವಿದೆ. ನೂರಕ್ಕೆ ತೊಂಬತ್ತು ಸಲ ಸರಿಯಾಗುವ ಊಹೆಯೂ ತಪ್ಪಾಗಬಹುದು ಎಂಬುದಕ್ಕೆ ಜಾಗ ಬಿಟ್ಟಿರಬೇಕು. ಎರಡು ವಾರದಲ್ಲಿ ಇಳಿಯದಿದ್ದರೆ ಬನ್ನಿ ಎಂದು ಹೇಳಿದ್ದರೋ ಇಲ್ಲವೋ, ಬಂದಾಗ ಮುಂದಿನ ಪರೀಕ್ಷೆ ಬರೆದರೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಇದಕ್ಕೆ ಸಾಕ್ಷಿ ಬಹುಪಾಲು ಸಲ ಔಷಧಿ ಚೀಟಿಯ ಕೆಳಗಿನ ಒಂದು ಸಾಲು. ಸೂಜಿ ಹಾಕಿ ಕಣ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆಗೆ ಸಲಹೆ ನೀಡಲಾಗಿದೆ ಎಂದು ಅಲ್ಲಿದ್ದರೆ ಡಾಕ್ಟರ ಪಕ್ಷ ಗಟ್ಟಿ. ರೋಗಿ ಒಪ್ಪಲಿಲ್ಲ ಎಂದೂ ಬರೆದಿದ್ದರೆ ದೂರು ಅಲ್ಲಿಗೆ ಮುಗಿದಂತೆಯೇ. ಆ ಸಾಲು ಇಲ್ಲದೆ ನೋವಿನ ಗುಳಿಗೆ, ವಿಟಮಿನ್, ಗ್ಯಾಸಿನ ಔಷಧಿ ಮಾತ್ರ ಇದ್ದರೆ ರೋಗಿಯ ಮಾತಿಗೆ ಬೆಲೆ ಬರುತ್ತದೆ. ಆದರೆ ಆ ಚೀಟಿ ರೋಗಿಯ ಕೈಯಲ್ಲಿರಬೇಕಲ್ಲ! ಹೊಸ ಡಾಕ್ಟರ ಹತ್ತಿರ ಹೋದಾಗ ಹಳೆಯದನ್ನು ಬಿಸಾಡುವುದು ನಮ್ಮಲ್ಲಿ ವಾಡಿಕೆ.

ಮೂರನೆಯ ಅಡ್ಡಗೋಡೆಯೇ ಎಲ್ಲಕ್ಕಿಂತ ಕಠಿಣ. ತಪ್ಪಾಗಿದೆ ಎಂದು ತೋರಿಸಿದರೂ, ತಡವಾದ್ದರಿಂದಲೇ ಈ ಗತಿ ಬಂತು ಎಂದು ತೋರಿಸಬೇಕು. ಆಸ್ಪತ್ರೆಯವರ ಉತ್ತರ ಸಿದ್ಧವಿರುತ್ತದೆ: ಮೊದಲೇ ಗೊತ್ತಾಗಿದ್ದರೂ ಈ ಕ್ಯಾನ್ಸರಿನಲ್ಲಿ ಇವರು ಬದುಕುತ್ತಿದ್ದರೆಂದು ಹೇಳಲಾಗದು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 2005ರ ಜನವರಿಯಲ್ಲಿ ತೀರ್ಮಾನಿಸಿದ ಗ್ರೆಗ್ ಪ್ರಕರಣ ಇದಕ್ಕೆ ಅಚ್ಚುಕಟ್ಟಾದ ನಿದರ್ಶನ. ಎಡಗಂಕುಳಿನ ಗಂಟನ್ನು ಡಾಕ್ಟರು ಬರೀ ಕೊಬ್ಬು ಎಂದರು. ಒಂಬತ್ತು ತಿಂಗಳು ಹೋಯಿತು. ಅದು ದುಗ್ಧಗ್ರಂಥಿಯ ಕ್ಯಾನ್ಸರ್ ಆಗಿತ್ತು. ತಡ ಆಗುವ ಮೊದಲು ಹತ್ತು ವರ್ಷ ಬದುಕುವ ಸಾಧ್ಯತೆ ಶೇ. 42 ಇತ್ತು, ತಡದಿಂದ ಶೇ. 25ಕ್ಕೆ ಇಳಿಯಿತು ಎಂದು ಕೆಳಗಿನ ನ್ಯಾಯಾಲಯ ಕಂಡುಕೊಂಡಿತು. ಮೊದಲಿದ್ದ ಸಾಧ್ಯತೆಯೇ ಅರ್ಧಕ್ಕಿಂತ ಕಡಿಮೆಯಿದ್ದುದರಿಂದ ಕಾನೂನಿನ ಕಣ್ಣಿನಲ್ಲಿ ಅವರು ಏನೂ ಕಳೆದುಕೊಂಡಿರಲಿಲ್ಲ. ಐವರು ನ್ಯಾಯಾಧೀಶರಲ್ಲಿ ಮೂವರು ಹೀಗೆ ತೀರ್ಪು ಕೊಟ್ಟರು, ಇಬ್ಬರು ಒಪ್ಪಲಿಲ್ಲ. ನನಗೆ ಆ ಇಬ್ಬರ ಕಡೆಯೇ ನ್ಯಾಯ ಕಾಣುತ್ತದೆ. ಶೇ. 52 ಇದ್ದವನಿಗೆ ಪೂರ್ತಿ ಪರಿಹಾರ, ಶೇ. 48 ಇದ್ದವನಿಗೆ ಸೊನ್ನೆ ಎಂಬ ಲೆಕ್ಕವನ್ನು ಯಾವ ಮನೆಯವರಿಗೆ ಹೇಳಿ ಒಪ್ಪಿಸಬಹುದು? ಬಲಿತ ಹಂತದಲ್ಲೇ ರೋಗ ಪತ್ತೆಯಾಗುವ ನಮ್ಮಂಥ ದೇಶದಲ್ಲಿ ಈ ಲೆಕ್ಕ ಇನ್ನೂ ಕ್ರೂರ. ರೋಗಿಯ ಸ್ಥಿತಿ ಕೆಟ್ಟದಿದ್ದಷ್ಟೂ ಡಾಕ್ಟರ ಹೊಣೆ ಕಡಿಮೆಯಾಗುತ್ತಾ ಹೋಗುತ್ತದೆ.

ಅಮೆರಿಕದ ಕೆಲವು ರಾಜ್ಯಗಳು ಬೇರೆ ದಾರಿ ಹಿಡಿದವು. ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1983ರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗಿ ಬದುಕುವ ಸಾಧ್ಯತೆ ಶೇ. 39ರಿಂದ 25ಕ್ಕೆ ಇಳಿದಿದ್ದ ರೋಗಿಯ ಮನೆಯವರ ಮೊಕದ್ದಮೆ ನಡೆಯಲಿ ಎಂದಿತು. ಮ್ಯಾಸಚೂಸೆಟ್ಸ್ 2008ರಲ್ಲಿ ಹೊಟ್ಟೆಯ ಕ್ಯಾನ್ಸರಿನ ಪ್ರಕರಣವೊಂದರಲ್ಲಿ, ಕಳೆದುಹೋದ ಸಾಧ್ಯತೆಯ ಪ್ರಮಾಣಕ್ಕೆ ತಕ್ಕಷ್ಟು ಪರಿಹಾರ ಎಂಬ ಲೆಕ್ಕವನ್ನೇ ಬಿಡಿಸಿ ಬರೆಯಿತು. ತಡಕ್ಕೂ ಸಾವಿಗೂ ನಂಟಿದೆ ಎಂಬುದು ಈಗ ಬರೀ ಊಹೆಯಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 13ರವರೆಗೆ ಏರುತ್ತದೆ ಎಂದು ಕಂಡಿತು. ಇಂಥ ಅಧ್ಯಯನಗಳು ನಮ್ಮ ವಕೀಲರ ಕಡತಗಳಿಗೆ ಸೇರಬೇಕು.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲ ಎಂಬುದಕ್ಕೆ ಕ್ಯಾನ್ಸರಿನ ಹೊರಗೆ ಒಂದು ಸುಳಿವಿದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟವನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಪರೀಕ್ಷಿಸದಿದ್ದರೆ ಕುರುಡು ಬರಬಹುದು. ಚೆನ್ನೈನಲ್ಲಿ 1996ರಲ್ಲಿ ಹುಟ್ಟಿದ ಅಂಥ ಮಗುವಿಗೆ ಆ ಪರೀಕ್ಷೆಯ ಮಾತೇ ಹೇಳದೆ ಮನೆಗೆ ಕಳಿಸಿದ್ದಕ್ಕಾಗಿ 2015ರಲ್ಲಿ ನ್ಯಾಯಾಲಯ ಸುಮಾರು 1.8 ಕೋಟಿ ರೂಪಾಯಿ ಕೊಡಿಸಿತು. 2019ರಲ್ಲಿ ದೆಹಲಿಯ ಆಸ್ಪತ್ರೆಯೊಂದರ ಮೇಲಿನ ಇಂಥದೇ ದೂರಿನಲ್ಲಿ 76 ಲಕ್ಷ ರೂಪಾಯಿ ಸಿಕ್ಕಿತು. ಎರಡರಲ್ಲೂ ತಪ್ಪು ಒಂದೇ: ಸಮಯ ಇದ್ದಾಗ ನೋಡಬೇಕಾದ್ದನ್ನು ನೋಡಲಿಲ್ಲ. ಅಲ್ಲಿ ಯಾವ ವಾರದಲ್ಲಿ ನೋಡಬೇಕೆಂಬುದು ಪುಸ್ತಕದಲ್ಲಿದೆ, ಆದ್ದರಿಂದ ಸಾಬೀತು ಸುಲಭವಾಯಿತು. ಕ್ಯಾನ್ಸರಿಗೆ ಅಷ್ಟು ಖಚಿತವಾದ ಕ್ಯಾಲೆಂಡರ್ ಇಲ್ಲ. ಆದರೂ 30ರಿಂದ 65 ವರ್ಷದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ನಡೆಯಬೇಕೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಡಾಕ್ಟರ ಕರ್ತವ್ಯ ಯಾವುದೆಂದು ಅಳೆಯಲು ಇದನ್ನು ಬಳಸಬಾರದೇಕೆ?

ಅಕ್ಷಿಪಟದ ಆ ತೀರ್ಪುಗಳಿಗೆ ತದ್ವಿರುದ್ಧವಾದ ದನಿಯೂ 2019ರಲ್ಲೇ ಕೇಳಿತು. ಅನ್ನನಾಳದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ರೋಗಿಯೊಬ್ಬರನ್ನು ಜೈಪುರದ ಆಸ್ಪತ್ರೆ ಬೇಗ ಮನೆಗೆ ಕಳಿಸಿತು ಎಂಬ ದೂರಿನಲ್ಲಿ ಆ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಹೆಚ್ಚೆಂದರೆ ಇದು ರೋಗ ಗುರುತಿಸುವಲ್ಲಿನ ತಪ್ಪು, ನಿರ್ಲಕ್ಷ್ಯವಲ್ಲ ಎಂದಿತು. ಎರಡೂ ಬಗೆಯ ತೀರ್ಪುಗಳ ನಡುವೆ ಕ್ಯಾನ್ಸರ್ ರೋಗಿ ಎಲ್ಲಿ ನಿಲ್ಲುತ್ತಾನೆ ಎಂಬುದು ಪ್ರತಿ ಪ್ರಕರಣದ ಕಾಗದಪತ್ರದ ಮೇಲೆ ಹೋಗುತ್ತದೆ.

ಪರಿಣತ ಸಾಕ್ಷಿಯ ತೊಡಕನ್ನು ಬೇಗ ಹೇಳಿ ಮುಗಿಸಬಹುದು. ಒಬ್ಬ ಡಾಕ್ಟರು ಇನ್ನೊಬ್ಬರ ವಿರುದ್ಧ ಅದೇ ಊರಿನಲ್ಲಿ ಸಾಕ್ಷಿ ಹೇಳುವುದಿಲ್ಲ. ಮಲೇರಿಯಾವನ್ನು ಟೈಫಾಯ್ಡ್ ಎಂದು ತಿಳಿದು ಚಿಕಿತ್ಸೆ ಕೊಟ್ಟ ಪ್ರಕರಣದಲ್ಲಿ, ಪ್ರತಿ ದೂರಿಗೂ ಪರಿಣತರ ಸಾಕ್ಷಿ ಬೇಕಿಲ್ಲ ಎಂದು 2010ರ ಕಿಶನ್ ರಾವ್ ತೀರ್ಪು ಹೇಳಿತು. ವರದಿ ಬಂದಿದ್ದರೂ ಹೇಳಲಿಲ್ಲ, ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಲಿಲ್ಲ ಎಂಬಂಥ ದೂರುಗಳಿಗೆ ಇದು ಒದಗಿಬರುತ್ತದೆ. ಉಳಿದವಕ್ಕೆ ಪರಿಣತರು ಬೇಕೇ ಬೇಕು, ಬೇರೆ ಊರಿನಿಂದ ಕರೆಸಿಯಾದರೂ.

ಕಾಲಮಿತಿಯದು ಬೇರೆಯೇ ಸಂಕಟ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ. ಯಾವಾಗಿನಿಂದ ಎರಡು ವರ್ಷ? ಡಾಕ್ಟರು ಗಂಟನ್ನು ತಳ್ಳಿಹಾಕಿದ ದಿನದಿಂದಲೋ, ಬಯಾಪ್ಸಿ ವರದಿ ಬಂದ ದಿನದಿಂದಲೋ? ತಪ್ಪು ಕೂಡಲೇ ಕಾಣದಿದ್ದಾಗ ಅದು ಗೊತ್ತಾದ ದಿನದಿಂದ ಎಣಿಸಬಹುದು ಎಂಬ ತತ್ವವನ್ನು ಸುಪ್ರೀಂ ಕೋರ್ಟು 2010ರ ಶ್ರೀಖಂಡೆ ಪ್ರಕರಣದಲ್ಲಿ ಚರ್ಚಿಸಿತು. ಆದರೆ ಆ ಪ್ರಕರಣದ ಮಹಿಳೆಗೆ ಅದರ ಫಲ ಸಿಗಲಿಲ್ಲ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದಿತ್ತು ಎಂಬುದು ದೂರು. ವರ್ಷಗಟ್ಟಲೆ ನೋವು ತಿಂದರೂ ಆ ಡಾಕ್ಟರ ಹತ್ತಿರ ಮರಳಿ ಹೋಗಲಿಲ್ಲ, ಸ್ವತಃ ನರ್ಸ್ ಆಗಿದ್ದವರಿಗೆ ಅನುಮಾನ ಬರಬೇಕಿತ್ತು ಎಂದು ದೂರು ಬಿದ್ದುಹೋಯಿತು. ಕ್ಯಾನ್ಸರ್ ಗೊತ್ತಾದ ಮೊದಲ ಎರಡು ವರ್ಷಗಳು ಕೀಮೋ, ರೇಡಿಯೇಷನ್, ಸಾಲ, ಮಕ್ಕಳ ಓದು ಎನ್ನುವುದರಲ್ಲೇ ಕಳೆದುಹೋಗುತ್ತವೆ. ಆ ಹೊತ್ತಿನಲ್ಲಿ ವಕೀಲರ ಮನೆ ಹುಡುಕುವ ಚೈತನ್ಯ ಯಾರಿಗಿರುತ್ತದೆ? ಸಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಚಿಕಿತ್ಸೆಯೇ ಸಕಾರಣ ಎಂದು ಉದಾರವಾಗಿ ನೋಡಬೇಕು. ರೋಗಿ ತೀರಿಹೋಗಿದ್ದರೆ ವಾರಸುದಾರರು ದೂರು ಕೊಡಬಹುದು. ಐದು ಲಕ್ಷದವರೆಗೆ ಹಣ ಕೊಟ್ಟ ಚಿಕಿತ್ಸೆಗೆ ದೂರಿನ ಶುಲ್ಕವೂ ಇಲ್ಲ.

ಇಷ್ಟೆಲ್ಲದರ ಬುಡದಲ್ಲಿ ಇರುವುದು ದಾಖಲೆ. 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದರ ಜಾಗಕ್ಕೆ ತಂದ ಹೊಸ ನಿಯಮಾವಳಿಯನ್ನು 2023ರ ಆಗಸ್ಟ್‌ನಲ್ಲಿ ಹೊರಡಿಸಿ ಅದೇ ತಿಂಗಳು ತಡೆಹಿಡಿದರು. ಹೊರರೋಗಿಯಾಗಿ ಬಂದುಹೋದವರ ಚೀಟಿ ಆ ಮೂರು ವರ್ಷದ ಮಾತಿಗೂ ಸೇರಿಲ್ಲ. ತಡವಾದ ಪತ್ತೆಯ ಕಥೆ ಶುರುವಾಗುವುದೇ ಹೊರರೋಗಿ ವಿಭಾಗದಲ್ಲಿ. ಬಯಾಪ್ಸಿ ಮಾಡಿಸಿದವರು ವರದಿಯ ಜೊತೆಗೆ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಬೇಕು. ವರದಿ ತಪ್ಪಿದ್ದರೆ ಅದನ್ನು ಇನ್ನೊಬ್ಬರು ಓದಿ ಹೇಳಲು ಅವು ಬೇಕು. ಕರ್ನಾಟಕದ ಖಾಸಗಿ ಆಸ್ಪತ್ರೆ ಕಾಯ್ದೆಗೆ ತಿದ್ದುಪಡಿ ತಂದು ರೋಗಿಗಳ ಹಕ್ಕುಪತ್ರವನ್ನೂ ಜಿಲ್ಲಾ ಮಟ್ಟದ ದೂರು ವ್ಯವಸ್ಥೆಯನ್ನೂ ಸೇರಿಸಲು ಹೊರಟಾಗ 2017ರ ನವೆಂಬರ್‌ನಲ್ಲಿ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದ್ದರು. ಗದ್ದಲ ಎದ್ದದ್ದು ದರ ನಿಗದಿ ಮತ್ತು ಶಿಕ್ಷೆಯ ಸುತ್ತ. ದಾಖಲೆಯ ಮಾತು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ದಾಖಲೆಯ ಬೆಲೆ ಅರಿತಿದ್ದ ತೀರ್ಪೊಂದು ಗುಜರಾತಿನವರ ಹೋರಾಟದಿಂದಲೇ ಬಂದಿದೆ. ಪ್ರೊ. ಮನುಭಾಯಿ ಶಾ ಅವರು 1978ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಪರ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಲ್ನಾರಿನ ಧೂಳು ತರುವ ಕ್ಯಾನ್ಸರ್ ಹೊರಬೀಳಲು ದಶಕಗಳೇ ಬೇಕು. 1995ರ ಜನವರಿ 27ರ ತೀರ್ಪು ಇದನ್ನು ಅರ್ಥ ಮಾಡಿಕೊಂಡಿತು. ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ಪ್ರತಿ ಕೆಲಸಗಾರನ ಆರೋಗ್ಯ ದಾಖಲೆ ಇಡಬೇಕು ಎಂದಿತು. ಕಾಯಿಲೆ ಬಿದ್ದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಹೇಳಿತು. ಆ ಲಕ್ಷ ಇವತ್ತು ಏನೇನೂ ಅಲ್ಲ. ಆದರೆ ಆ 40 ವರ್ಷ ಎಂಬ ಆಜ್ಞೆ, ಕ್ಯಾನ್ಸರ್ ಯಾವ ವೇಗದಲ್ಲಿ ಬೆಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಆಜ್ಞೆ. ಆಸ್ಪತ್ರೆಗಳಿಗೆ ಮೂರು ವರ್ಷ ಸಾಕು ಎಂದವರು ಅದನ್ನು ಓದಿ ನೋಡಬೇಕಿತ್ತು.

ಭೋಪಾಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಅಧ್ಯಾಯ, ಅಪಾಯಕಾರಿ ಕೆಲಸಗಳಲ್ಲಿ ಇರುವವರ ಆರೋಗ್ಯ ದಾಖಲೆ ಇಡಬೇಕು, ಅದನ್ನು ಕೆಲಸಗಾರ ನೋಡಲು ಅವಕಾಶವಿರಬೇಕು ಎಂದಿತು. ಬೆಂಜೀನ್ ವಿಷವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೂ ಹಾಕಿತ್ತು ಆ ಕಾಯ್ದೆ. ಅಂಥ ಕಾಯಿಲೆ ಕಂಡ ಡಾಕ್ಟರು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರಿಗೆ ವರದಿ ಮಾಡಬೇಕಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ. ಕೊಯಾಲಿಯ ಕಾಯಂ ನೌಕರನಿಗೆ ಕಾಗದವನ್ನು ಕೇಳಲು ಒಂದು ವಿಳಾಸವಾದರೂ ಇದೆ. ಗುತ್ತಿಗೆಯವನು ಈ ವರ್ಷ ಒಬ್ಬ ಗುತ್ತಿಗೆದಾರನ ಕೈಕೆಳಗೆ ಟ್ಯಾಂಕ್ ತೊಳೆಯುತ್ತಾನೆ, ಮುಂದಿನ ವರ್ಷ ಇನ್ನೊಬ್ಬನ ಜೊತೆ ನಂದೇಸರಿಗೆ ಹೋಗುತ್ತಾನೆ, ಆಮೇಲೆ ಊರಿಗೆ ಮರಳುತ್ತಾನೆ. ಹತ್ತು ವರ್ಷ ಕಳೆದು ಸುಸ್ತು, ಜ್ವರ, ಒಸಡಿನಲ್ಲಿ ರಕ್ತ ಎಂದು ಹತ್ತಿರದ ಡಾಕ್ಟರ ಬಳಿ ಹೋದರೆ ಅವರು ಕಬ್ಬಿಣದ ಗುಳಿಗೆ ಕೊಡುತ್ತಾರೆ. ಹಿಂದೆ ಯಾವ ಕೆಲಸ ಮಾಡಿದ್ದೆ ಎಂದು ಅವರು ಕೇಳುವುದೂ ಇಲ್ಲ, ಅವನಿಗೆ ಹೇಳಬೇಕೆಂದು ಹೊಳೆಯುವುದೂ ಇಲ್ಲ. ಕಲ್ನಾರಿನವರಿಗೆ ಸಿಕ್ಕ 40 ವರ್ಷದ ದಾಖಲೆ ಬೆಂಜೀನಿನವರಿಗೂ ಸಿಗಬೇಕು. ಅದು ಗುತ್ತಿಗೆದಾರನ ಕಪಾಟಿನಲ್ಲಿ ಇರಬಾರದು, ಕೆಲಸಗಾರ ಎಲ್ಲಿಗೆ ಹೋದರೂ ಜೊತೆಗೆ ಹೋಗುವಂತೆ ಅವನ ಇಎಸ್‌ಐ ಸಂಖ್ಯೆಗೆ ಅಂಟಿರಬೇಕು.